ಪತ್ರದ ಕೊನೆಯ ಸಾಲಿನಲ್ಲಿ ಬರುವವರು

ಧಾರವಾಡ

ಚಿ. ಪುಟ್ಟಿಗೆ,

ಇತ್ತ ಕಡೆ ನಾವಿಬ್ಬರೂ ಆರಾಮ. ಮಳೆ ಹಿಡಿದಿದೆ, ನಿನ್ನ ಅಜ್ಜಿಯ ಮೊಣಕಾಲು ಮಳೆಗಿಂತ ಮೊದಲೇ ಹಿಡಿದಿತ್ತು. ಸವಾನಾದ ಸೆಕೆ ಕುಮಟಾದ ಸೆಕೆಯ ಹಾಗೇ ಇದೆ ಎಂದು ನೀನು ಹೇಳಿದ್ದನ್ನು ಅವಳು ಓಣಿಯವರಿಗೆಲ್ಲ ಹೇಳಿ ಮುಗಿಸಿದ್ದಾಳೆ.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಏನಾದರೂ ಹೇಳಿಬಿಡಬಹುದಿತ್ತು. ಆದರೆ ಪತ್ರಗಳ ಬಗ್ಗೆ ಕೇಳಿದವಳಿಗೆ ಪತ್ರದಲ್ಲೇ ಉತ್ತರ ಕೊಡೋಣ ಎನಿಸಿತು. ಟಪಾಲು ತಡವಾದರೆ ಬೈಯಬೇಡ. ‘ದಿ ಚಿಲ್ಡ್ರನ್ ಆಫ್ ಪ್ರೈಡ್’ ಓದುತ್ತ ಒಬ್ಬ ಸೊಸೆ ಸತ್ತ ಕಡೆ ಅತ್ತುಬಿಟ್ಟೆ, ಆಮೇಲೆ ನೂರಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಮನೆಯವರಿಗಾಗಿ ಅತ್ತೆನಲ್ಲ ಎಂದು ನಾಚಿಕೆಯಾಯಿತು ಅಂದೆಯಲ್ಲ. ಅತ್ತಿದ್ದಕ್ಕೆ ನಾಚಬೇಡ, ನಮ್ಮವ್ವಾ. ಆ ಪುಸ್ತಕ ಓದಿ ಕಣ್ಣು ಒದ್ದೆಯಾಗದವರನ್ನು ಕಂಡರೆ ನನಗೇ ಸ್ವಲ್ಪ ಅನುಮಾನ. ಅತ್ತ ಮೇಲೆ ಪುಟ ತಿರುವಿ ಮುಂದೆ ಏನು ನೋಡುತ್ತೀ ಅನ್ನುವುದರಲ್ಲಿ ಎಲ್ಲ ಇದೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಕಲಿಸುತ್ತಿದ್ದಾಗ ನಾನೂ ಅದನ್ನು ತರಿಸಿಕೊಂಡು ಓದಿದ್ದೆ. ರಾಬರ್ಟ್ ಮ್ಯಾನ್ಸನ್ ಮೈಯರ್ಸ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಒಂದೇ ಮನೆತನದ ಸುಮಾರು 6,000 ಪತ್ರಗಳಿಂದ 1,200ನ್ನು ಆರಿಸಿ, 1854ರಿಂದ 1868ರವರೆಗೆ ಜೋಡಿಸಿ, 1972ರಲ್ಲಿ ಹೊರತಂದರು. 1,800 ಪುಟ ಮೀರಿದ ಗ್ರಂಥ. ಮುಂದಿನ ವರ್ಷ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಮಲಗಿಕೊಂಡು ಓದಬೇಡ, ಕೈ ಜಾರಿದರೆ ಮೂಗಿಗೆ ಪೆಟ್ಟು.

ಜಾರ್ಜಿಯಾದಲ್ಲಿ ನೀನಿರುವ ಸವಾನಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿ ಆ ಮನೆತನದ ನೆಲ. ಲಿಬರ್ಟಿ ಕೌಂಟಿ ಎಂದು ಅದರ ಹೆಸರು. ಗುಲಾಮರ ದುಡಿಮೆಯ ಮೇಲೆ ನಿಂತ ಜಿಲ್ಲೆಗೆ ಆ ಹೆಸರು ಎಂದ ಮೇಲೆ ನಾನು ಬೇರೆ ಟೀಕೆ ಮಾಡಬೇಕಾಗಿಲ್ಲ. ಯಜಮಾನ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಪ್ರೆಸ್ಬಿಟೀರಿಯನ್ ಪಾದ್ರಿ, ಜೊತೆಗೆ ಮಾಂಟೆವಿಡಿಯೊ, ಅರ್ಕೇಡಿಯ, ಮೇಬ್ಯಾಂಕ್ ಎಂಬ ಮೂರು ತೋಟಗಳ ಒಡೆಯ. ಭತ್ತ, ಮತ್ತೆ ಸೀ ಐಲ್ಯಾಂಡ್ ಎನ್ನುವ ಉದ್ದನೆಯ ಎಳೆಯ ಹತ್ತಿ. ಹೆಂಡತಿ ಮೇರಿ ಸೋದರ ಸಂಬಂಧಿ. ಹಿರಿಯ ಮಗ ಚಾರ್ಲ್ಸ್ ಸವಾನಾದಲ್ಲಿ ವಕೀಲ, 1860ರಲ್ಲಿ ಅಲ್ಲಿಯ ಮೇಯರ್. ಎರಡನೆಯವನು ಜೋಸೆಫ್ ಡಾಕ್ಟರು. ಮಗಳು ಮೇರಿ ಶಾರ್ಪ್, ಪಾದ್ರಿಯನ್ನೇ ಮದುವೆಯಾದವಳು. ಮಕ್ಕಳು ಊರು ಬಿಟ್ಟು ಹೋದದ್ದರಿಂದ ಪತ್ರ, ಪತ್ರ ಬರೆಯುವ ಶಿಸ್ತು ಇದ್ದುದರಿಂದ ನಮಗೆ ಪುಸ್ತಕ. ತಂದೆ ಮಗನನ್ನು ತಿದ್ದುವ ರೀತಿ, ತಾಯಿ ಗಿಡಗಂಟಿಯ ಸುದ್ದಿಯ ನಡುವೆ ದೇವರನ್ನು ತರುವ ರೀತಿ, ಯಾವ ಸಾಲಿನಲ್ಲೂ ಅವಸರವಿಲ್ಲದ ಆ ಬರವಣಿಗೆ, ಇದೆಲ್ಲ ನಿನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಒಂದು ಸಂಗತಿ ಗಮನಿಸಿದೆಯೋ ಇಲ್ಲವೋ. ಎಷ್ಟೋ ಪತ್ರಗಳ ಕೊನೆಯಲ್ಲಿ ಸಹಿಗೆ ಮೊದಲು ಒಂದು ಸಾಲು ಬರುತ್ತದೆ: ಆಳುಗಳೆಲ್ಲ ನಿನ್ನನ್ನು ಕೇಳಿದ್ದಾರೆ. ನಮ್ಮಲ್ಲೂ ‘ಎಲ್ಲರನ್ನೂ ಕೇಳಿದೆ ಅಂತ ಹೇಳು’ ಎಂದು ಬರೆಯುತ್ತಿದ್ದೆವಲ್ಲ, ಅದೇ ನಮೂನೆ. ಆ ಸಾಲಿನಲ್ಲಿ ಬಂದವರು ಮುಂದಿನ ಪತ್ರದಲ್ಲಿ ಎಲ್ಲಿದ್ದಾರೆ ಎಂದು ಹುಡುಕುತ್ತ ಓದು. ನಾನು ಎರಡನೆಯ ಸಲ ಹಾಗೆ ಓದಿದೆ. ಬೇರೆ ಪುಸ್ತಕವೇ ಕೈಗೆ ಬಂದಂತಾಯಿತು.

ಜೋನ್ಸ್ ಪಾದ್ರಿಯನ್ನು ಕಟುಕ ಎಂದು ತಳ್ಳಿಹಾಕುವುದು ಸುಲಭ, ಅದು ನಿಜವೂ ಅಲ್ಲ. 1829ರ ಸುಮಾರಿಗೆ ಉತ್ತರದಲ್ಲಿ ದೇವಶಾಸ್ತ್ರ ಓದುತ್ತಿದ್ದಾಗ ಅವನು ಮೇರಿಗೆ, ಈ ಗುಲಾಮಗಿರಿ ದೇವರ ಕಟ್ಟಳೆಗೂ ಮನುಷ್ಯರ ಕಟ್ಟಳೆಗೂ ವಿರೋಧ ಎಂದು ಬರೆದಿದ್ದ. ತಿಳಿಯದೆ ಮಾಡಿದವನಲ್ಲ. ಓದು ಮುಗಿಸಿ ಊರಿಗೆ ಬಂದ, ಮೇರಿಯನ್ನು ಮದುವೆಯಾದ, ಹೊಲ ಮನೆ ಆಳುಗಳೆಲ್ಲ ಕೈಗೆ ಬಂದರು. ಬಿಡುಗಡೆ ಮಾಡುವ ಬದಲು ಅವರ ಆತ್ಮ ಉದ್ಧಾರ ಮಾಡುತ್ತೇನೆಂದು ಹೊರಟ. ತೋಟದಿಂದ ತೋಟಕ್ಕೆ ಕುದುರೆಯ ಮೇಲೆ ಹೋಗಿ ಉಪದೇಶ, ಗುಲಾಮರಿಗಾಗಿಯೇ ಪ್ರಶ್ನೋತ್ತರ ಪುಸ್ತಕ, 1842ರಲ್ಲಿ ಅವರ ಧರ್ಮಶಿಕ್ಷಣದ ಮೇಲೆ ಒಂದು ಗ್ರಂಥ. ಆ ಕಾಲಕ್ಕೆ ದೊಡ್ಡ ಹೆಸರು ಬಂತು. ಮನಸ್ಸಾಕ್ಷಿ ಚುಚ್ಚಿದಾಗ ಮನುಷ್ಯ ಬಿಡಬೇಕಾದ್ದನ್ನು ಬಿಡದೆ ಪಕ್ಕದಲ್ಲೊಂದು ಪುಣ್ಯಕಾರ್ಯ ಶುರುಮಾಡುತ್ತಾನೆ ನೋಡು. ನಮ್ಮೂರಲ್ಲಿ ಬಡ್ಡಿ ವ್ಯವಹಾರದವರು ಗುಡಿ ಕಟ್ಟಿಸಿದ್ದನ್ನು ನಾನೂ ಕಂಡವನು.

ಅವನೇ ದಾಖಲಿಸಿದ ಪ್ರಸಂಗವೊಂದಿದೆ. ಒಮ್ಮೆ ದೊಡ್ಡ ಸಭೆಯಲ್ಲಿ ಪೌಲನು ಫಿಲೆಮೋನನಿಗೆ ಬರೆದ ಪತ್ರವನ್ನು ತೆಗೆದುಕೊಂಡು, ಓಡಿಹೋದ ಒನೇಸಿಮನನ್ನು ಒಡೆಯನ ಬಳಿಗೆ ತಿರುಗಿ ಕಳಿಸಿದ ಕಥೆ ಹೇಳಿ, ಗುಲಾಮರು ಓಡಿಹೋಗುವುದು ಪಾಪ ಎಂದು ಉಪದೇಶ ಮಾಡಿದ. ಅರ್ಧಕ್ಕರ್ಧ ಜನ ಎದ್ದು ನಡೆದರು. ಉಳಿದವರಲ್ಲೂ ಕೆಲವರು, ಇದು ಸುವಾರ್ತೆಯೇ ಅಲ್ಲ ಎಂದರು. ಇಂಥ ಪತ್ರ ಬೈಬಲ್ಲಿನಲ್ಲಿ ಇರಲು ಸಾಧ್ಯವೇ ಇಲ್ಲ ಎಂದವರೂ ಇದ್ದರು. ಓದು ಬರಹ ಕಲಿಯದಂತೆ ಕಾನೂನು ಮಾಡಿ ಕೂರಿಸಿದ ಜನ ಪ್ರಿನ್ಸ್‌ಟನ್‌ನಲ್ಲಿ ಓದಿ ಬಂದ ಪಾದ್ರಿಗೆ ಎದುರಿಗೇ ಹೇಳಿದ ಮಾತು ಅದು.

ಇನ್ನು ಫೀಬಿಯ ವಿಷಯ. ಇದನ್ನು ನಿಧಾನವಾಗಿ ಓದು.

ಫೀಬಿ, ಅವಳ ಗಂಡ ಕ್ಯಾಷಸ್, ಮಕ್ಕಳು, ಇವರು ಜೋನ್ಸ್ ಮನೆತನದ ಗುಲಾಮರು. ಮಗಳು ಜೇನ್ 1856ರಲ್ಲಿ ಓಡಿಹೋಗಿ ಸವಾನಾದಲ್ಲಿ ಅಡಗಿಕೊಂಡಳು. ನೀನು ದಿನಾ ಓಡಾಡುವ ಊರು, ಪುಟ್ಟಿ. ವಕೀಲ ಮಗನೇ ಹಿಡಿಸಿದ. ಆ ಮೇಲೆ ತಂದೆ ಮಗನ ನಡುವೆ ಹೋದ ಪತ್ರಗಳನ್ನು ನೋಡು: ಎಷ್ಟು ಸಮಾಧಾನ, ಎಷ್ಟು ಮರ್ಯಾದೆ! ಇಡೀ ಕುಟುಂಬವನ್ನು ಮಾರುವುದು, ಆದರೆ ಒಟ್ಟಿಗೇ ಮಾರುವುದು, ವ್ಯಾಪಾರಿಗೆ ಕೊಡದೆ ತಾನೇ ಇಟ್ಟುಕೊಳ್ಳುವ ಒಳ್ಳೆಯ ತೋಟದವನಿಗೆ ಕೊಡುವುದು, ಅದೂ ಸವಾನಾದಿಂದ ದೂರ. ಇದು ದಯೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಕೊಂಡವನು ವ್ಯಾಪಾರಿಯೇ ಆಗಿದ್ದ. 1857ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸಿನಿಂದ ಫೀಬಿ ಮತ್ತು ಕ್ಯಾಷಸ್ ಬರೆಸಿದ ಪತ್ರ ಬಂತು. ಹಿಂದೆ ಉಳಿದ ಹೆಣ್ಣುಮಕ್ಕಳಾದ ಕ್ಲಾರಿಸ್ಸಾ, ನ್ಯಾನ್ಸಿ ಇವರನ್ನು ಬಹಳ ಬಹಳ ಕೇಳಿದೆವೆಂದು ಹೇಳಿ ಎಂದು ಮೊದಲು. ಆಮೇಲೆ, ಜೇನ್ ಫೆಬ್ರುವರಿ ಒಂದನೇ ತಾರೀಖು ತೀರಿಕೊಂಡಳು. ಒಬ್ಬ ಡಾಕ್ಟರು ಒಂದು ರೋಗ ಅಂದ, ಇನ್ನೊಬ್ಬ ಕ್ಷಯ ಅಂದ. ನಮ್ಮನ್ನು ಸೇಡಿಗೆ ಮಾರಿದರು, ಆದರೂ ಒಳ್ಳೆಯದಕ್ಕೇ ಆಗಲಿ, ನಾವು ಚೆನ್ನಾಗಿದ್ದೇವೆ. ಮೇಸ್ತ್ರಿ ಕೇಟೋಗೆ ಒಂದು ಮಾತು ಹೇಳಿ: ಇಲ್ಲಿ ನಾವು ಚೆಲ್ಲುವ ಅನ್ನದಲ್ಲಿ ನಿಮ್ಮ ತೋಟ ಒಂದು ಹಂಗಾಮು ಉಣ್ಣಬಹುದು!

ಮಗಳು ಸತ್ತ ಸುದ್ದಿಯ ಪಕ್ಕದಲ್ಲೇ ಆ ಚುಚ್ಚು. ಸಾವಿರಾರು ಪತ್ರಗಳ ಆ ಕಟ್ಟಿನಲ್ಲಿ ಇದಕ್ಕೆ ಸಮನಾದದ್ದು ನನಗೆ ಇನ್ನೊಂದು ಕಂಡಿಲ್ಲ. ದಯಾಳು ಒಡೆಯರ ಇಡೀ ವಾದಕ್ಕೆ ‘ಸೇಡಿಗೆ ಮಾರಿದರು’ ಎಂಬ ಮಾತು ಸಾಕಾಯಿತು. ಹೆಣ್ಣುಮಕ್ಕಳು ಜಾರ್ಜಿಯಾದಲ್ಲೇ ಉಳಿದರಲ್ಲ, ‘ಒಟ್ಟಿಗೇ ಮಾರುವುದು’ ಎಷ್ಟರಮಟ್ಟಿಗೆ ನಡೆಯಿತು ಎಂಬುದೂ ಅಲ್ಲೇ ಇದೆ.

ಉತ್ತರ ದಕ್ಷಿಣಗಳ ಅಂತರ್ಯುದ್ಧದ ಭಾಗವನ್ನು ನೀನು ಆಗಲೇ ದಾಟಿರುವುದರಿಂದ ಉದ್ದ ಮಾಡುವುದಿಲ್ಲ. 1861ರ ಜನವರಿ 19ಕ್ಕೆ ಜಾರ್ಜಿಯಾ ಒಕ್ಕೂಟ ಬಿಟ್ಟಿತು. ಅದೇ ತಿಂಗಳು ಮೇಯರ್ ಮಗ ತಂದೆಗೆ ಬರೆದ: ಉತ್ತರದವರೂ ದಕ್ಷಿಣದವರೂ ಎರಡು ಬೇರೆ ಜನಾಂಗಗಳಾಗಿಬಿಟ್ಟಿದ್ದೇವೆ, ಒಂದು ಸರ್ಕಾರದ ಕೆಳಗೆ ಇನ್ನು ಬಾಳಲಾರೆವು. (ನೆನಪಿಡು, ಯುದ್ಧ ಮುಗಿದ ಮೇಲೆ ಇವನು ವಕೀಲಿ ಮಾಡಲು ಹೋದದ್ದು ನ್ಯೂಯಾರ್ಕ್‌ಗೆ!) ಆ ಜುಲೈನಲ್ಲಿ ಅವನ ಪುಟ್ಟ ಮಗಳು ಜೂಲಿಯಾ ಜ್ವರದಿಂದ, ಕೆಲವೇ ದಿನಗಳಲ್ಲಿ ಹೆಂಡತಿ ರೂತ್ ಬಾಣಂತಿ ನಂಜಿನಿಂದ ಹೋದರು. ನೀನು ಅತ್ತದ್ದು ಅಲ್ಲಿ. ಹಸುಗೂಸನ್ನು ಅಜ್ಜಿ ಮೇರಿ ಸಾಕಿದಳು.

ಆ ಪುಟಗಳ ನಂತರ ಒಂದು ವರ್ಷ ಮುಂದೆ ಹೋಗು. 1862ರ ಏಪ್ರಿಲ್‌ನಲ್ಲಿ ಸವಾನಾ ನದಿಯ ಬಾಯಲ್ಲಿದ್ದ ಪುಲಾಸ್ಕಿ ಕೋಟೆ ಬಿತ್ತು, ಒಕ್ಕೂಟದ ಹಡಗುಗಳು ಕರಾವಳಿಯಲ್ಲಿ ನಿಂತವು. ರಾತ್ರಿ ದೋಣಿ ಹತ್ತಿ ಗುಲಾಮರು ಆ ಹಡಗುಗಳ ಕಡೆ ಹೋಗತೊಡಗಿದರು. ಜುಲೈ ಹೊತ್ತಿಗೆ ಆ ಕೌಂಟಿಯೊಂದರಿಂದಲೇ 51 ಜನ. ಆಗ ನಮ್ಮ ಪಾದ್ರಿ ಮಗನಿಗೆ ಬರೆದ ಪತ್ರ ತೆಗೆ. ಇವರು ದೇಶದ್ರೋಹಿಗಳು, ಪ್ರತಿ ದಾರಿ, ಪ್ರತಿ ಹಳ್ಳ, ಪ್ರತಿ ಜೌಗು ಇವರಿಗೆ ಗೊತ್ತು, ಶತ್ರುವನ್ನು ನಮ್ಮ ಮಲಗುವ ಕೋಣೆಗೇ ಕರೆತಂದಾರು ಎನ್ನುತ್ತಾನೆ. ಮೂವತ್ತು ವರ್ಷ ಅವರ ಆತ್ಮದ ಚಿಂತೆ ಮಾಡಿದ ಮನುಷ್ಯ. ಅವರಿಗೆ ಪ್ರತಿ ದಾರಿ ಗೊತ್ತು ಎಂಬುದು ಅವನಿಗೆ ಆ ಬೇಸಿಗೆಯಲ್ಲೇ ಹೊಳೆಯಿತು! 1863ರ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಮುಂದಾಗುವುದನ್ನು ನೋಡಲು ಇರಲಿಲ್ಲ.

ಮುಂದಿನದೆಲ್ಲ ಮೇರಿಯ ಪಾಲಿಗೆ ಬಂತು. ಈ ಹೆಂಗಸಿನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ, ಹೇಳಿಬಿಡುತ್ತೇನೆ. 1864ರ ನವೆಂಬರಿನಲ್ಲಿ ಉತ್ತರದ ಸೇನಾಪತಿ ಶರ್ಮನ್ ಅಟ್ಲಾಂಟಾ ಬಿಟ್ಟು ಸಮುದ್ರದ ಕಡೆ ಹೊರಟ. ಡಿಸೆಂಬರಿನಲ್ಲಿ ಅವನ ಕುದುರೆ ಪಡೆ ಲಿಬರ್ಟಿ ಕೌಂಟಿಗೆ ನುಗ್ಗಿತು. ಅಳಿಯ ಸೆರೆಯಾದ. ಮಾಂಟೆವಿಡಿಯೊ ಮನೆಯಲ್ಲಿ ಹೆಂಗಸರು, ಮಕ್ಕಳು, ತುಂಬು ಬಸುರಿ ಮಗಳು. ದಿನ ಬಿಟ್ಟು ದಿನ ಸಿಪಾಯಿಗಳ ಗುಂಪು: ಬೀರು ತೆಗೆ, ಪೆಟ್ಟಿಗೆ ತೆಗೆ, ಕೀಲಿಕೈ ಎಲ್ಲಿ. ಕಾಳು, ಕೋಳಿ, ಹಿಟ್ಟು, ಹೇಸರಗತ್ತೆ ಎಲ್ಲ ಹೋದವು. 1865ರ ಜನವರಿ 4ರಂದು ಅಂಗಳದಲ್ಲಿ ಸಿಪಾಯಿಗಳಿರುವಾಗಲೇ ಮಗಳಿಗೆ ಹೆರಿಗೆ, ಹೆಣ್ಣುಮಗು. ತಾಯಿ ಮಗಳು ಇಬ್ಬರೂ ದಿನಚರಿ ಬರೆದರು. ಆ ಗದ್ದಲದಲ್ಲಿ ಶಾಯಿ ಎಲ್ಲಿ ಬಚ್ಚಿಟ್ಟಿದ್ದರೋ. ಆಮೇಲಿನ ವರ್ಣನೆಗಳೆಲ್ಲ ಈ ದಿನಚರಿಯ ಮುಂದೆ ಸಪ್ಪೆ.

ಆದರೆ ಆ ದಿನಚರಿಯಲ್ಲೇ ಒಂದು ಕಡೆ ಬರುತ್ತದೆ. ಸಿಪಾಯಿಗಳು ಆಳುಗಳ ಗುಡಿಸಲುಗಳಲ್ಲಿ ಎಷ್ಟು ಉಪದ್ರವ ಕೊಟ್ಟರೆಂದರೆ ಗಂಡಸರು ತಮ್ಮ ಹೆಂಡಿರ ಮಾನ ಕಾಯಲು ಮನೆ ಬಿಟ್ಟು ಕದಲಲಿಲ್ಲ. ಮೇರಿ ಅದನ್ನು ಬರೆದಳು, ಮುಚ್ಚಿಡಲಿಲ್ಲ. ಅವರ ಪಾಲಿನ ನಷ್ಟದ ಲೆಕ್ಕ ಮಾತ್ರ ಅವಳ ಪುಸ್ತಕದಲ್ಲಿಲ್ಲ. ಆ ಲೆಕ್ಕ ಬೇರೆ ಕಡೆ ಇದೆ. 1871ರಲ್ಲಿ ಅಮೆರಿಕ ಸರ್ಕಾರ ಸದರ್ನ್ ಕ್ಲೇಮ್ಸ್ ಕಮಿಷನ್ ಎಂದು ಮಾಡಿತು. ಒಕ್ಕೂಟಕ್ಕೆ ನಿಷ್ಠರಾಗಿದ್ದವರಿಂದ ಸೈನ್ಯ ಕಿತ್ತುಕೊಂಡ ಸಾಮಾನಿಗೆ ಪರಿಹಾರ ಕೊಡಲು. 22,000ಕ್ಕೂ ಹೆಚ್ಚು ಅರ್ಜಿ ಬಂದವು, ಲಿಬರ್ಟಿ ಕೌಂಟಿಯಿಂದ ಬಿಡುಗಡೆಯಾದ ಗುಲಾಮರ ಅರ್ಜಿಗಳೂ ಇದ್ದವು. ಆ ಕೌಂಟಿಯ ತೋಟಗಳಲ್ಲಿ ದಿನಕ್ಕಿಷ್ಟು ಎಂದು ಅಳೆದುಕೊಟ್ಟ ಕೆಲಸ ಮುಗಿಸಿದ ಮೇಲೆ ಉಳಿದ ಹೊತ್ತು ಆಳಿನದು. ಆ ಹೊತ್ತಿನಲ್ಲಿ ತಮ್ಮದೇ ಪಟ್ಟಿಯಲ್ಲಿ ಭತ್ತ ಬೆಳೆದು, ಹಂದಿ ಸಾಕಿ, ಮಾರಿ ಆಕಳು ಕೊಂಡು, ವರ್ಷಗಟ್ಟಲೆ ಕೂಡಿಟ್ಟದ್ದನ್ನು ಬಿಡುಗಡೆ ಮಾಡಲು ಬಂದವರೇ ಒಂದು ಬೆಳಿಗ್ಗೆ ಹೊಡೆದುಕೊಂಡು ಹೋಗಿದ್ದರು. ಇಷ್ಟು ಹಂದಿ, ಇಷ್ಟು ಕೋಳಿ, ಇಷ್ಟು ಅಕ್ಕಿ ಎಂದು ಸಾಕ್ಷಿ ಸಮೇತ ಹೇಳಿದ್ದಾರೆ. ಪತ್ರದ ಕೊನೆಯ ಸಾಲಿನಲ್ಲಿ ‘ಕೇಳಿದ್ದಾರೆ’ ಎಂದಷ್ಟೇ ಬರುತ್ತಿದ್ದಂಥ ಜನ ಇಲ್ಲಿ ತಮ್ಮ ಹೆಸರಿನಲ್ಲಿ ಮಾತಾಡುತ್ತಾರೆ. ಮೇರಿಯ ದಿನಚರಿಯನ್ನೂ ಈ ಸಾಕ್ಷಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಆ ಡಿಸೆಂಬರು ಪೂರ್ತಿಯಾಗಿ ಕಾಣುತ್ತದೆ. ಎರ್ಸ್ಕಿನ್ ಕ್ಲಾರ್ಕ್ ಎಂಬ ಇತಿಹಾಸಕಾರರು ಇದೇ ಮನೆತನದ ಕಥೆಯನ್ನು ದೊಡ್ಡಮನೆ ಮತ್ತು ಗುಡಿಸಲು ಎರಡೂ ಕಡೆಯಿಂದ ‘ಡ್ವೆಲಿಂಗ್ ಪ್ಲೇಸ್’ ಎಂದು 2005ರಲ್ಲಿ ಬರೆದರು. ಇದು ಮುಗಿದ ಕೂಡಲೇ ಅದನ್ನು ತೆಗೆದುಕೋ.

ಡಾಕ್ಟರ್ ಮಗನನ್ನು ಬಿಟ್ಟುಬಿಟ್ಟೆ. ಸುಮಾರು 13,000 ಕೈದಿಗಳು ಸತ್ತ ಆಂಡರ್ಸನ್‌ವಿಲ್ ಸೆರೆಗೆ ಅವನು 1864ರಲ್ಲಿ ಹೋಗಿ ರೋಗಗಳ ಅಧ್ಯಯನ ಮಾಡಿದ. ಕಾನ್ಫೆಡರೇಟ್, ಅಂದರೆ ದಕ್ಷಿಣದ ಪಕ್ಷದ, ವೈದ್ಯಶಾಸ್ತ್ರಕ್ಕೆಂದು ಬರೆದ ವರದಿ ಮರುವರ್ಷ ಆ ಸೆರೆಯ ಅಧಿಕಾರಿ ವಿರ್ಟ್ಸ್‌ನ ವಿಚಾರಣೆಯಲ್ಲಿ ಆ ಅಧಿಕಾರಿಯ ವಿರುದ್ಧವೇ ಸಾಕ್ಷಿಯಾಯಿತು. ಅದೇ ಒಂದು ಕಥೆ, ಇನ್ನೊಮ್ಮೆ.

ಯುದ್ಧ ಮುಗಿದ ಮೇಲಿನ ಪತ್ರಗಳನ್ನು ಜನ ಬೇಗ ಬೇಗ ತಿರುವುತ್ತಾರೆ. ನೀನು ಹಾಗೆ ಮಾಡಬೇಡ. ಗುಂಡಿನ ಸದ್ದಿಲ್ಲ, ಕೂಲಿ ಕರಾರಿನ ಜಗಳ ಇದೆ. ಯಾವ ಕೇಟೋ ಮೇಸ್ತ್ರಿಯನ್ನು ಪಾದ್ರಿ ಕಣ್ಣುಮುಚ್ಚಿ ನಂಬಿದ್ದನೋ ಅವನೇ ಈಗ ಮೇರಿಯ ಕಣ್ಣಿಗೆ ಉದ್ಧಟ, ಮೈಗಳ್ಳ, ಅಪ್ರಾಮಾಣಿಕ. ಕೇಟೋ ಬದಲಾದನೋ, ಅವನು ಮೊದಲಿಂದ ಏನಿದ್ದನೋ ಅದನ್ನು ತೋರಿಸಲು ಈಗ ಅವಕಾಶ ಬಂತೋ, ನೀನೇ ಯೋಚಿಸು. ಮೇರಿಗೆ ನಿಜವಾಗಿ ದುಃಖವಾಯಿತು, ಪ್ರೀತಿಯಿಂದ ನೋಡಿಕೊಂಡೆವಲ್ಲ ಎಂದು. ಸುಳ್ಳು ದುಃಖವಲ್ಲ ಅದು. ಆದರೆ ಬಿಟ್ಟುಹೋಗಲು ಹಕ್ಕೇ ಇಲ್ಲದವರು ಹತ್ತಿರದಲ್ಲಿದ್ದುದನ್ನು ಅವಳು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಿದ್ದಳು. ನಮ್ಮ ವಾಡೆಯ ಹಳೆಯ ಕಾಗದಗಳಲ್ಲೂ ‘ಆಳುಮಗ ಮನೆಯವನ ಹಾಗೇ ಇದ್ದಾನೆ’ ಎಂಬ ಸಾಲಿದೆ. ಹೆಸರಿಲ್ಲ. ಜೀತ ಪದ್ಧತಿಯನ್ನು ಕಾಯ್ದೆ ರದ್ದುಮಾಡಿದ್ದು 1976ರಲ್ಲಿ, ನಿನ್ನ ಅಪ್ಪ ಹುಟ್ಟಿದ ಮೇಲೆ.

ಇಡೀ ಕಥೆ ಇಲ್ಲಿಂದ ದೂರದ್ದು ಎಂದುಕೊಂಡಿದ್ದೀಯೇನೋ, ಅದಕ್ಕೆ ಒಂದು ಮಾತು. ಉತ್ತರದ ಹಡಗುಗಳು ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದಾಗ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬರಲಿಲ್ಲ. ಆಗ ಇಂಗ್ಲಿಷರು ಕಣ್ಣು ಹಾಯಿಸಿದ ಕಡೆಗಳಲ್ಲಿ ನಮ್ಮ ಎರೆಭೂಮಿಯೂ ಒಂದು. 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ಬೀಜ ತಂದು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಅದಕ್ಕೆ ಹೆಸರು. ಯುದ್ಧದ ವರ್ಷಗಳಲ್ಲಿ ಧಾರಣೆ ಏರಿತೆಂದರೆ ಏರಿತು. ಅರಳೆಯ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು, ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾದ ಹೆಸರಿನಲ್ಲೇ ಒಂದು ಹತ್ತಿ ನಡೆಯಿತು. 1865ರಲ್ಲಿ ಅಲ್ಲಿ ಶಾಂತಿಯಾಯಿತು, ಇಲ್ಲಿ ಧಾರಣೆ ಕುಸಿಯಿತು, ಮುಂಬಯಿಯ ಸಟ್ಟಾದವರು ಮುಳುಗಿದರು. ಇನ್ನೂ ಒಂದು: 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ. ಒಂದೇ ಯುದ್ಧ, ನಮ್ಮ ಅಡತಿಯವರಿಗೆ ಧಾರಣೆಯಾಗಿ, ಫುಲೆಯವರಿಗೆ ಸುವಾರ್ತೆಯಾಗಿ ತಲುಪಿತು.

ಅತ್ತ ಲಿಬರ್ಟಿ ಕೌಂಟಿಯಲ್ಲಿ ಮೇರಿ ಒಂಟಿ ಮನೆಯಲ್ಲಿ ಎರಡು ವರ್ಷ ಹೆಣಗಿ, ತೋಟ ಕೊಳ್ಳುವವರಿಲ್ಲದೆ, 1868ರ ಜನವರಿಯಲ್ಲಿ ಮಗಳ ಮನೆಗೆ ಹೊರಟಳು. ಮರುವರ್ಷ ಅಲ್ಲೇ ತೀರಿಕೊಂಡಳು. ಮಗಳ ಮನೆ ಇದ್ದದ್ದು ನ್ಯೂ ಆರ್ಲಿಯನ್ಸಿನಲ್ಲಿ, ಫೀಬಿಯನ್ನು ಒಯ್ದು ಮಾರಿದ ಊರಿನಲ್ಲಿ. ಅಲ್ಲಿಯ ಟುಲೇನ್ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಇಬ್ಬರ ಪತ್ರಗಳೂ ಈಗ ಒಂದೇ ಸಂಗ್ರಹದಲ್ಲಿವೆ.

ರಜೆಯಲ್ಲಿ ಲಿಬರ್ಟಿ ಕೌಂಟಿಯ ಮಿಡ್‌ವೇಗೆ ಹೋಗುತ್ತೇನೆ ಅಂದೆಯಲ್ಲ, ಹೋಗು. 1792ರ ಬಿಳಿ ಮರದ ಚರ್ಚು ನೋಡು, ಮೇಲೆ ಗುಲಾಮರು ಕೂರುತ್ತಿದ್ದ ಅಟ್ಟಣೆಗೆ ಬಿಟ್ಟರೆ ಹತ್ತಿ ಕೂತುಕೋ, ಅಲ್ಲಿಂದ ಪಾದ್ರಿಯ ಪೀಠ ಹೇಗೆ ಕಾಣುತ್ತದೆ ನೋಡು. ಅಷ್ಟಕ್ಕೇ ತಿರುಗಿ ಬರಬೇಡ, ಅದೇ ಊರಿನಲ್ಲಿ ಡಾರ್ಚೆಸ್ಟರ್ ಅಕಾಡೆಮಿ ಇದೆ. ಬಿಡುಗಡೆಯಾದ ಜನ ತಮ್ಮ ಮಕ್ಕಳಿಗೆ ಮೇಷ್ಟ್ರು ಬೇಕೆಂದು 1870ರ ದಶಕದಲ್ಲಿ ಮಿಷನ್ನಿನವರನ್ನು ಕೇಳಿ ಕಟ್ಟಿಕೊಂಡ ಶಾಲೆ ಅದು. 1963ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು ಬರ್ಮಿಂಗ್‌ಹ್ಯಾಮ್ ಚಳವಳಿಯ ಯೋಜನೆ ಹಾಕಿದ್ದು ಅಲ್ಲೇ ಕೂತು. ಸೆಪ್ಟಿಮಾ ಕ್ಲಾರ್ಕ್ ಎಂಬ ಮಹಾತಾಯಿ ಮತದಾನಕ್ಕೆ ಬೇಕಾದ ಓದು ಬರಹ ಕಲಿಸುವವರನ್ನು ಅಲ್ಲೇ ತಯಾರು ಮಾಡಿದಳು.

ಕ್ಲೇಮ್ಸ್ ಕಮಿಷನ್ನಿನ ಸಾಕ್ಷಿಗಳ ಪ್ರತಿ ನಿನ್ನ ಗ್ರಂಥಾಲಯದಲ್ಲಿ ಸಿಕ್ಕರೆ ಪ್ರಿಂಟ್ ತೆಗೆದು ಟಪಾಲಿನಲ್ಲೇ ಕಳಿಸು. ಫೋನಿನಲ್ಲಿ ಕಳಿಸಿದರೆ ನನ್ನ ಕಣ್ಣಿಗೆ ಆಗುವುದಿಲ್ಲ. ಅಗಸಿ ಚಟ್ನಿಪುಡಿ ಮುಗಿದಿದ್ದರೆ ಈಗಲೇ ಹೇಳಬೇಕಂತೆ. ಮುಂದಿನ ತಿಂಗಳು ಅಲ್ಲಿಗೆ ಬರುವವರ ಕೈಯಲ್ಲಿ ಅಜ್ಜಿ ಕಳಿಸುತ್ತಾಳೆ.

ಇಂತಿ ನಿನ್ನ,
ಅಜ್ಜ